ಹೋದ ಪುಟ್ಟ, ಬಂದ ಪುಟ್ಟ: ಕೇವ್ ಡೈವಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಕೇವ್ ಡೈವರ್ ಅಲ್ಲ. ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಸ್ಕೂಬಾ ಹುಚ್ಚು ಹತ್ತಿಸಿಕೊಂಡವನು. ಒಂದೇ ಒಂದು ಸಲ ಮೆಕ್ಸಿಕೊದಲ್ಲಿ ಗುಹೆಯ ಬಾಯಿ ತನಕ ಹೋಗಿ ಬಂದಿದ್ದೇನೆ. ಆ ಕಥೆ ಕೊನೆಯಲ್ಲಿದೆ. ಆದರೆ ನೀರು ತುಂಬಿದ ಗುಹೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ನನಗೆ ಹಳೆಯದು. ಅದು ಗೊತ್ತಿರುವ ನೆಂಟರು, ಗೆಳೆಯರು ಮದುವೆಮನೆಯಲ್ಲಿ ಸಿಕ್ಕರೂ ಇದನ್ನೇ ಕೇಳುತ್ತಾರೆ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಕೇವ್ ಡೈವಿಂಗ್ ಅಂದ್ರೆ ಏನು? ಸ್ಕೂಬಾನೇ ತಾನೇ?

ಸಿಲಿಂಡರ್ ಅದೇ, ಮಾಸ್ಕ್ ಅದೇ, ಕಾಲಿನ ರೆಕ್ಕೆ ಅದೇ. ಆದರೆ ತಲೆ ಮೇಲೆ ಕಲ್ಲಿನ ಚಾವಣಿ ಇರುತ್ತದೆ.

ಬೀದರ್‌ನ ಝರಣಿ ನರಸಿಂಹನ ಗುಹೆಗೆ ಹೋಗಿದ್ದೀರಾ? ಸುಮಾರು 300 ಮೀಟರ್ ಉದ್ದದ ಸುರಂಗ, ಎದೆಮಟ್ಟ ನೀರು, ಮೇಲೆ ನೇತಾಡುವ ಬಾವಲಿಗಳು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ದೇವರ ಹತ್ತಿರ ನಡೆಯುತ್ತಾರೆ. ಈಗ ಆ ನೀರು ಏರುತ್ತಾ ಹೋಗಿ ಚಾವಣಿಗೇ ಮುಟ್ಟಿತು ಅಂದುಕೊಳ್ಳಿ. ದೀಪಗಳೂ ಆರಿಹೋದವು. ಆ ಸುರಂಗ 300 ಮೀಟರ್ ಅಲ್ಲ, ಮೂರು ಕಿಲೋಮೀಟರ್, ನಡುವೆ ಹತ್ತಾರು ಕವಲು. ಅದರೊಳಗೆ ಹೋಗಿ ವಾಪಸ್ ಬರುವುದೇ ಕೇವ್ ಡೈವಿಂಗ್.

ಸಮುದ್ರದಲ್ಲಿ ಏನಾದರೂ ಎಡವಟ್ಟಾದರೆ ಮೇಲೆ ಬರಬಹುದು. ಗುಹೆಯಲ್ಲಿ ಮೇಲೆ ಅನ್ನುವುದೇ ಇಲ್ಲ. ಬಂದ ದಾರಿಯಲ್ಲೇ, ಬಂದಷ್ಟೇ ದೂರ ಹಿಂದೆ ಹೋಗಬೇಕು. ಅರ್ಧ ಗಂಟೆ ಒಳಗೆ ಹೋಗಿದ್ದರೆ ಹೊರಗಿನ ಗಾಳಿ ಅರ್ಧ ಗಂಟೆ ದೂರ. ಗುಹೆಯ ಬಾಯಿಂದ ಬರುವ ಬೆಳಕು ಕಾಣುವಷ್ಟು ದೂರವನ್ನು ಕ್ಯಾವರ್ನ್ ಅಂತಾರೆ. ಆ ಬೆಳಕು ಕಾಣದಾದ ಕಡೆಯಿಂದ ಕೇವ್ ಶುರು.

ಗುಹೆಯೊಳಗೆ ಅಷ್ಟು ನೀರು ಬಂದಿದ್ದು ಹೇಗೆ?

ಬಹುತೇಕ ಇದು ಸುಣ್ಣಕಲ್ಲಿನ ಕೆಲಸ. ಮಳೆನೀರು ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಸಾವಿರಾರು ವರ್ಷ ಸುಣ್ಣಕಲ್ಲನ್ನು ಕರಗಿಸಿ ಸುರಂಗ ಮಾಡುತ್ತದೆ.

ಮೆಕ್ಸಿಕೊದ ಯುಕಟಾನ್‌ನಲ್ಲಿ ನೀರೊಳಗೇ ಚಾವಣಿಯಿಂದ ಕಲ್ಲಿನ ತೊಂಗಲುಗಳು ಇಳಿಬಿದ್ದಿವೆ. ಅವು ನೀರೊಳಗೆ ಬೆಳೆಯುವಂಥವಲ್ಲ. ಗಾಳಿ ತುಂಬಿದ ಗುಹೆಯಲ್ಲಿ ಹನಿ ಹನಿ ತೊಟ್ಟಿಕ್ಕಿದರೆ ಮಾತ್ರ ಆಗುತ್ತವೆ. ಅಂದರೆ ಒಂದು ಕಾಲಕ್ಕೆ ಆ ಗುಹೆಗಳು ಒಣಗಿದ್ದವು. ಹಿಮಯುಗದಲ್ಲಿ ಸಮುದ್ರದ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮ ಕರಗಿತು, ಸಮುದ್ರ ಏರಿತು, ಅದರ ಜೊತೆ ಅಂತರ್ಜಲವೂ ಏರಿ ಗುಹೆಗಳು ಮುಳುಗಿದವು. ಚಾವಣಿ ಕುಸಿದ ಕಡೆ ಬಾವಿಯಂಥ ಹೊಂಡಗಳಾದವು. ಅವೇ ಸೆನೋಟೆಗಳು. ಹೆಸರು ಮಾಯಾ ಜನರ ಭಾಷೆಯಿಂದ ಬಂದದ್ದು.

ಮೊದಲು ಇಂಥ ಕಡೆ ಇಳಿದ ಪುಣ್ಯಾತ್ಮ ಯಾರು?

ಫ್ರಾನ್ಸ್‌ನ ವೋಕ್ಲೂಸ್ ಬುಗ್ಗೆಯಲ್ಲಿ 1878ರಲ್ಲಿ ಒಟೊನೆಲಿ ಅನ್ನುವ ಮುಳುಗುಗಾರ 23 ಮೀಟರ್ ಇಳಿದಿದ್ದ. ಆದರೆ ನನಗೆ ಇಷ್ಟವಾದ ಮನುಷ್ಯ ನಾರ್ಬರ್ಟ್ ಕ್ಯಾಸ್ತರೆ. 1922ರಲ್ಲಿ ಮೊಂತೆಸ್ಪಾನ್ ಗುಹೆಯಲ್ಲಿ ಚಾವಣಿ ನೀರಿಗೆ ಮುಟ್ಟಿದ ಕಡೆ, ಸಿಲಿಂಡರ್ ಇಲ್ಲ ಏನಿಲ್ಲ, ಸುಮ್ನೆ ಉಸಿರು ಕಟ್ಟಿ ಮುಳುಗಿಬಿಟ್ಟ. ಜೊತೆಗಿದ್ದದ್ದು ಮೇಣದಬತ್ತಿ, ರಬ್ಬರ್ ಟೋಪಿಯೊಳಗೆ ಸುತ್ತಿದ ಬೆಂಕಿಕಡ್ಡಿ. ಆ ಕಡೆ ಗಾಳಿ ಸಿಕ್ಕಿತು. ಮರುವರ್ಷ ಒಬ್ಬ ಗೆಳೆಯನ ಜೊತೆ ಹೋದಾಗ ಆದಿಮಾನವರು ಮಾಡಿದ ಮಣ್ಣಿನ ಕರಡಿ ಸಿಕ್ಕಿತು. ಇವತ್ತಿನ ಯಾವ ಬೋಧಕನಾದರೂ ಇದನ್ನು ಕೇಳಿದರೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾನೆ.

ಇಂಗ್ಲೆಂಡ್‌ನಲ್ಲಿ ಶುರುವಾದದ್ದು 1935ರಲ್ಲಿ, ವೂಕಿ ಹೋಲ್ ಗುಹೆಯಲ್ಲಿ. ಗ್ರಹಾಂ ಬಾಲ್ಕಂಬ್ ಅನ್ನುವ ಅಂಚೆ ಇಲಾಖೆ ಎಂಜಿನಿಯರ್ ಮತ್ತು ಅವರ ಗೆಳೆಯರು ತಾಮ್ರದ ಹೆಲ್ಮೆಟ್, ಸೀಸದ ಬೂಟು ಹಾಕಿಕೊಂಡು ನದಿಯ ತಳದಲ್ಲಿ ನಡೆದುಕೊಂಡು ಹೋದರು. ದಡದಲ್ಲಿ ಕೂತವರು ಕೈಪಂಪಿನಿಂದ ಪೈಪಿನಲ್ಲಿ ಗಾಳಿ ಒತ್ತುತ್ತಿದ್ದರು. 1946ರಲ್ಲಿ ಬಾಲ್ಕಂಬ್ ಕಟ್ಟಿದ ಕೇವ್ ಡೈವಿಂಗ್ ಗ್ರೂಪ್ ಈಗಲೂ ಇದೆ. ಮುಂದೆ 2018ರಲ್ಲಿ ಥಾಯ್ಲೆಂಡ್‌ನ ಗುಹೆಯಲ್ಲಿ ಸಿಕ್ಕಿಬಿದ್ದ ಮಕ್ಕಳನ್ನು ಹುಡುಕಿದ್ದು ಬ್ರಿಟನ್‌ನ ಇದೇ ಪರಂಪರೆಯವರು.

ಅದೇ 1946ರಲ್ಲಿ ವೋಕ್ಲೂಸ್‌ನಲ್ಲಿ ಫ್ರಾನ್ಸ್‌ನ ಹೆಸರಾಂತ ಸಮುದ್ರ ಅನ್ವೇಷಕ ಜಾಕ್ ಕೂಸ್ತೋ ಸ್ವಲ್ಪದರಲ್ಲಿ ಉಳಿದರು. ಕಂಪ್ರೆಸರ್ ತನ್ನದೇ ಹೊಗೆಯನ್ನು ಹೀರಿ ಸಿಲಿಂಡರಿಗೆ ತುಂಬಿತ್ತು. ಅವರು ಕೆಳಗೆ ಉಸಿರಾಡಿದ್ದು ಕಾರ್ಬನ್ ಮಾನಾಕ್ಸೈಡ್ ಬೆರೆತ ಗಾಳಿ.

ಹೆಂಗಸರು ಇದ್ದಾರಾ?

ಮೊದಲ ದಿನದಿಂದಲೂ. ವೂಕಿ ಹೋಲ್‌ನ ಆ ತಂಡದಲ್ಲಿ ಪೆನೆಲೋಪ್ ಪೊವೆಲ್ ಇದ್ದರು. ಈಗಿನವರಲ್ಲಿ ಕೆನಡಾದ ಜಿಲ್ ಹೈನರ್ತ್ ದೊಡ್ಡ ಹೆಸರು. 2001ರಲ್ಲಿ ಅಂಟಾರ್ಕ್ಟಿಕದಲ್ಲಿ ಹಿಮಗಡ್ಡೆಯೊಳಗಿನ ಗುಹೆಗಳಿಗೇ ಇಳಿದು ಬಂದವರು.

ಈಜು, ಡೈವಿಂಗ್ ಚೆನ್ನಾಗಿ ಬರುವವರೇ ಇದರಲ್ಲಿ ಜಾಸ್ತಿ ಸಾಯುತ್ತಾರಂತೆ, ಯಾಕೆ?

ನಿಜ. ಇದಕ್ಕೆ ಉತ್ತರ ಹುಡುಕಿದವರು ಫ್ಲೋರಿಡಾದ ಶೆಕ್ ಎಕ್ಸ್ಲಿ, ಒಬ್ಬ ಗಣಿತದ ಮೇಷ್ಟ್ರು. 1960 ಮತ್ತು 70ರ ದಶಕದಲ್ಲಿ ಫ್ಲೋರಿಡಾದ ಬುಗ್ಗೆಗಳಲ್ಲಿ ಡೈವರ್‌ಗಳು ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದರು. ಎಷ್ಟೋ ದೇಹಗಳನ್ನು ಹೊರಗೆ ತಂದವರು ಎಕ್ಸ್ಲಿ ಮತ್ತು ಅವರ ಗೆಳೆಯರೇ. ಮೇಷ್ಟ್ರು ಉತ್ತರಪತ್ರಿಕೆ ತಿದ್ದುವ ಹಾಗೆ ಅವರು ಒಂದೊಂದು ಸಾವನ್ನೂ ತೆಗೆದು ನೋಡಿದರು, ತಪ್ಪು ಎಲ್ಲಾಯಿತು ಅಂತ. 1979ರಲ್ಲಿ ಅದನ್ನು ಪುಸ್ತಕವಾಗಿಯೂ ಬರೆದರು. ಸಿಕ್ಕಿದ್ದು ವಿಚಿತ್ರ ಕಾರಣಗಳೇನಲ್ಲ. ಹೊರಗಿನ ತನಕ ಬಿಡದೆ ಇರುವ ದಾರ ಇರಲಿಲ್ಲ. ವಾಪಸ್ ಬರಲು ಗಾಳಿ ಉಳಿಸಿಕೊಂಡಿರಲಿಲ್ಲ. ತುಂಬಾ ಆಳಕ್ಕೆ ಹೋಗಿದ್ದರು. ಆಮೇಲೆ ಈ ಪಟ್ಟಿಗೆ ತರಬೇತಿ ಮತ್ತು ದೀಪ ಎರಡೂ ಸೇರಿದವು. ಇವತ್ತಿಗೂ ಕೇವ್ ಡೈವಿಂಗ್ ಪಾಠ ಶುರುವಾಗುವುದು ಈ ಐದರಿಂದಲೇ.

ಬರೀ ಸಮುದ್ರದಲ್ಲಿ ಪಳಗಿದವರಿಗೆ ಧೈರ್ಯ ಇರುತ್ತದೆ, ಈ ಐದರಲ್ಲಿ ಒಂದೂ ಇರುವುದಿಲ್ಲ. ಬೋಧಕರೂ ಹೀಗೇ ಸತ್ತಿದ್ದಾರೆ. ಅಭಿಮನ್ಯುವಿಗೂ ಒಳಗೆ ಹೋಗುವುದು ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೇ ಫ್ಲೋರಿಡಾ, ಮೆಕ್ಸಿಕೊದ ಗುಹೆಗಳಲ್ಲಿ ಬೆಳಕು ಮುಗಿಯುವ ಜಾಗದಲ್ಲಿ ಒಂದು ಬೋರ್ಡ್ ನೆಟ್ಟಿರುತ್ತಾರೆ. ಕುಡುಗೋಲು ಹಿಡಿದ ಅಸ್ಥಿಪಂಜರದ ಚಿತ್ರ, ಇಲ್ಲಿಂದ ಮುಂದೆ ಹೋಗಬೇಡಿ ಅನ್ನುವ ಮಾತು. ಯಮಧರ್ಮರಾಯನ ಚಿತ್ರ ಹಾಕಿದರೆ ನಮಗೆ ಇನ್ನೂ ಬೇಗ ಅರ್ಥವಾಗುತ್ತಿತ್ತೇನೋ.

ನಮ್ಮಲ್ಲಿ ಕೆಲಸ ಆಗದೆ ಬಂದವನಿಗೆ ಹೋದ ಪುಟ್ಟ, ಬಂದ ಪುಟ್ಟ ಅಂತ ಗೇಲಿ ಮಾಡುತ್ತೇವೆ. ಇಲ್ಲಿ ಪುಟ್ಟ ಬಂದನಾ ಅನ್ನುವುದೊಂದೇ ಲೆಕ್ಕ.

ಗಾಳಿಯ ಲೆಕ್ಕ ಹೇಗೆ? ಅರ್ಧ ಹೋಗೋಕೆ, ಅರ್ಧ ಬರೋಕೆ ಸಾಕಲ್ವಾ?

ಸಾಲದು. ನಿಯಮ ಮೂರನೇ ಒಂದರದ್ದು. ಸಿಲಿಂಡರಿನಲ್ಲಿ 210 ಬಾರ್ ಇದೆ ಅನ್ನಿ (ಬಾರ್ ಅಂದರೆ ಒತ್ತಡದ ಅಳತೆ). 70 ಹೋಗಲು, 70 ಬರಲು. ಮಾಪಕ 140 ತೋರಿಸಿದ ತಕ್ಷಣ ತಿರುಗಬೇಕು. ಮುಂದೆ ಇನ್ನೆಂಥಾ ಚಂದದ ಕೋಣೆ ಇದ್ದರೂ ಸರಿ.

ಉಳಿದ 70 ನಿಮ್ಮದಲ್ಲ, ಅದು ಜೊತೆಗಾರನದ್ದು. ಅತ್ಯಂತ ಒಳಗಿರುವಾಗ, ಸರಿಯಾಗಿ ತಿರುಗುವ ಹೊತ್ತಿಗೆ ಅವನ ಗಾಳಿ ಪೂರ್ತಿ ಹೋಯಿತು ಅಂದುಕೊಳ್ಳಿ. ಈಗ ಇಬ್ಬರೂ ನಿಮ್ಮ ಒಬ್ಬರ ಸಿಲಿಂಡರಿನಿಂದ ಉಸಿರಾಡುತ್ತಾ ಹೊರಗೆ ಬರಬೇಕು. ಇಬ್ಬರಿಗೆ 70, 70. ಸರಿಹೋಯಿತು. ಇದಕ್ಕಾಗಿಯೇ ಒಂದು ಉಸಿರಿನ ಪೈಪನ್ನು ಎರಡು ಮೀಟರ್ ಉದ್ದ ಇಟ್ಟುಕೊಳ್ಳುತ್ತಾರೆ. ಇಕ್ಕಟ್ಟಿನಲ್ಲಿ ಪಕ್ಕಪಕ್ಕ ಈಜಲು ಆಗುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಬರಬೇಕಾಗುತ್ತದೆ.

ಹೆದರಿದ ಮನುಷ್ಯ ಜಾಸ್ತಿ ಉಸಿರಾಡುತ್ತಾನಲ್ಲ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಮೂರನೇ ಒಂದು ಅನ್ನುವುದು ಕನಿಷ್ಠ. ನೀರು ಗುಹೆಯಿಂದ ಹೊರಕ್ಕೆ ಹರಿಯುತ್ತಿದ್ದರೆ ಬರುವಾಗ ಅದೇ ತಳ್ಳಿಕೊಂಡು ಬರುತ್ತದೆ, ಬಚಾವ್. ಒಳಕ್ಕೆ ಎಳೆಯುತ್ತಿದ್ದರೆ ಬರುವಾಗ ಈಜುವುದು ಪ್ರವಾಹದ ಎದುರಿಗೆ. ಅಂಥ ಕಡೆ ಇನ್ನೂ ಬೇಗ ತಿರುಗಬೇಕು.

ಆಳವೂ ಗಾಳಿ ತಿನ್ನುತ್ತದೆ. ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. 30 ಮೀಟರ್ ಕೆಳಗೆ ಒಂದೊಂದು ಉಸಿರಿಗೂ ಮೇಲಿನ ನಾಲ್ಕರಷ್ಟು ಗಾಳಿ ಬೇಕು.

ದಾರ, ದಾರ ಅಂತೀರಲ್ಲ. ಏನದು?

ಬಳೆಯಷ್ಟೂ ದಪ್ಪ ಇಲ್ಲದ ನೈಲಾನ್ ದಾರ. ಗಾಳಿಪಟದ ಚರಕದಂಥ ರೀಲಿಗೆ ಸುತ್ತಿರುತ್ತಾರೆ. ಮೊದಲ ಗಂಟು ಹೊರಗೆ, ತೆರೆದ ನೀರಿನಲ್ಲಿ. ಎರಡನೇ ಗಂಟು ಸ್ವಲ್ಪ ಒಳಗೆ, ಮೊದಲನೆಯದು ಬಿಚ್ಚಿದರೂ ಇರಲಿ ಅಂತ. ಆಮೇಲೆ ಬಿಚ್ಚುತ್ತಾ, ಕಲ್ಲಿಗೆ ಸುತ್ತುತ್ತಾ ಹೋಗುವುದು. ಜನ ಜಾಸ್ತಿ ಹೋಗುವ ಗುಹೆಗಳಲ್ಲಿ ಶಾಶ್ವತವಾಗಿ ಕಟ್ಟಿದ ದಾರವೇ ಇರುತ್ತದೆ.

ದಾರದ ಮಹಿಮೆ ಗೊತ್ತಾಗುವುದು ಹೂಳು ಎದ್ದಾಗ. ಗುಹೆಯ ತಳದಲ್ಲಿ ಸಾವಿರಾರು ವರ್ಷದಿಂದ ಕೂತ ಮಣ್ಣು, ಮೈದಾಹಿಟ್ಟಿಗಿಂತ ನುಣ್ಣಗೆ. ಕಾಲಿನ ರೆಕ್ಕೆ ಒಂದು ಸಲ ತಾಗಿದರೆ ಸಾಕು. ಗಾಜಿನಂಥ ನೀರು ಅರ್ಧ ನಿಮಿಷದಲ್ಲಿ ಚಹಾ ಆಗುತ್ತದೆ, ಹಾಲು ಬೆರೆಸಿದ ಚಹಾ. ಮುಖದ ಮುಂದೆ ಹಿಡಿದ ಕೈಯೂ ಕಾಣದು. ಎಂಥಾ ಟಾರ್ಚ್ ಇದ್ದರೂ ಮಂಜಿನಲ್ಲಿ ಹೈಬೀಮ್ ಹಾಕಿದ ಹಾಗೆ. ಆಗ ಹೆಬ್ಬೆರಳು, ತೋರುಬೆರಳು ಸೇರಿಸಿ ದಾರದ ಸುತ್ತ ಉಂಗುರ ಮಾಡಿಕೊಳ್ಳಬೇಕು. ಎಳೆಯುವ ಹಾಗಿಲ್ಲ, ಎಳೆದರೆ ಸಡಿಲವಾಗಿ ಬಿರುಕಿನೊಳಗೆ ಸೇರಿಕೊಳ್ಳುತ್ತದೆ. ಇನ್ನೊಂದು ಕೈ ಮುಂದಿನವನ ಕಾಲಿನ ಮೇಲೆ. ಮುಂದೆ ಹೋಗು ಅನ್ನಲು ಒಂದು ತಳ್ಳು.

ದಾರ ಸಿಕ್ಕಿತು, ಸರಿ. ಹೊರಗೆ ಯಾವ ಕಡೆ? ಅದಕ್ಕೆ ದಾರದ ಮೇಲೆ ಪ್ಲಾಸ್ಟಿಕ್ ಬಾಣಗಳನ್ನು ಸಿಕ್ಕಿಸಿರುತ್ತಾರೆ. ಬಾಣದ ಮೂತಿ ಯಾವಾಗಲೂ ಹತ್ತಿರದ ಬಾಗಿಲಿನ ಕಡೆಗೆ. ಕಣ್ಣು ಮುಚ್ಚಿ, ಬೆರಳಲ್ಲಿ ಸವರಿ ತಿಳಿಯುವ ಹಾಗೆ ಅದರ ಆಕಾರ. ತರಬೇತಿಯಲ್ಲಿ ಮಾಸ್ಕ್ ಕಪ್ಪು ಮಾಡಿ, ಕತ್ತಲಲ್ಲಿ ಇದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ.

ಟಾರ್ಚ್ ಕೆಟ್ಟರೆ?

ಇನ್ನೆರಡು ಇರುತ್ತವೆ. ಒಬ್ಬೊಬ್ಬರ ಹತ್ತಿರ ಮೂರು ದೀಪ ಕಡ್ಡಾಯ. ಮುಖ್ಯ ದೀಪ ಕೆಟ್ಟರೆ ಎರಡನೆಯದು ಹಚ್ಚಿ ನೋಡಿಕೊಂಡು ಮುಂದೆ ಹೋಗೋಣ ಅನ್ನುವಂತಿಲ್ಲ. ಒಂದು ಕೆಟ್ಟಿತಾ, ಅವತ್ತಿನ ಡೈವ್ ಮುಗಿಯಿತು.

ನೀರೊಳಗೆ ಮಾತಾಡೋದು ಹೇಗೆ?

ಬೆಳಕಿನಲ್ಲಿ. ಮುಂದಿನ ಗೋಡೆ ಮೇಲೆ ಟಾರ್ಚ್ ಬೆಳಕನ್ನು ನಿಧಾನಕ್ಕೆ ದುಂಡಗೆ ತಿರುಗಿಸಿದರೆ ನಾನು ಚೆನ್ನಾಗಿದ್ದೇನೆ, ನೀನು? ಅಂತ. ಬೆಳಕು ಪಟಪಟ ಆ ಕಡೆ ಈ ಕಡೆ ಹೊಡೆದುಕೊಂಡರೆ ಅಪಾಯ. ಕೈ ಸನ್ನೆಗಳೂ ಇವೆ. ಅದರಲ್ಲಿ ನಮ್ಮವರು ಎಡವುವುದು ಹೆಬ್ಬೆರಳಿನಲ್ಲಿ. ಹೆಬ್ಬೆರಳು ಮೇಲೆತ್ತಿದರೆ ಸೂಪರ್ ಅಂತ ಅಲ್ಲ, ಡೈವ್ ಮುಗಿಯಿತು, ವಾಪಸ್ ಹೋಗೋಣ ಅಂತ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ಎತ್ತಬಹುದು. ಎತ್ತಿದವನನ್ನು ಯಾಕೆ ಅಂತ ಕೇಳುವ ಹಾಗಿಲ್ಲ. ಬಂದ ಮೇಲೂ ಆಡಿಕೊಳ್ಳುವ ಹಾಗಿಲ್ಲ. ನನ್ನ ಪ್ರಕಾರ ಇಡೀ ಕೇವ್ ಡೈವಿಂಗ್‌ನಲ್ಲಿ ಇಷ್ಟು ಒಳ್ಳೆಯ ಇನ್ನೊಂದು ನಿಯಮವಿಲ್ಲ. ನಮ್ಮ ಆಫೀಸ್ ಮೀಟಿಂಗ್‌ಗಳಿಗೂ ಇದ್ದಿದ್ದರೆ!

ತುಂಬಾ ಆಳಕ್ಕೆ ಹೋದರೆ ಏನಾಗುತ್ತೆ?

ವೈಶಂಪಾಯನ ಸರೋವರದಲ್ಲಿ ಕೂತ ದುರ್ಯೋಧನನಿಗೆ ಜಲಸ್ತಂಭನ ವಿದ್ಯೆ ಬರುತ್ತಿತ್ತು. ಇವರಿಗೆ ಬರುವುದಿಲ್ಲ. ಸುಮಾರು 30 ಮೀಟರ್ ದಾಟಿದ ಮೇಲೆ ಗಾಳಿಯಲ್ಲಿರುವ ಸಾರಜನಕವೇ ಅಮಲೇರಿಸಲು ಶುರುಮಾಡುತ್ತದೆ. ಲೆಕ್ಕ ತಪ್ಪುತ್ತದೆ, ತಪ್ಪಿದ್ದು ಗೊತ್ತೂ ಆಗುವುದಿಲ್ಲ. ಅದಕ್ಕೆ ಆಳಕ್ಕೆ ಹೋಗುವವರು ಹೀಲಿಯಂ ಬೆರೆಸಿದ ಗಾಳಿ ಒಯ್ಯುತ್ತಾರೆ. ಇನ್ನು ಬರುವಾಗ ಸರ್ರನೆ ಮೇಲೆ ಬಂದರೆ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ, ರಕ್ತದಲ್ಲಿ ಕರಗಿದ ಅನಿಲ ಗುಳ್ಳೆಯಾಗುತ್ತದೆ. ನಿಂತು ನಿಂತು ಬರಬೇಕು.

ಆ ನಿಲ್ಲುವುದು ಎಷ್ಟು ಹೊತ್ತು ಗೊತ್ತಾ? 2007ರ ಡಿಸೆಂಬರ್‌ನಲ್ಲಿ ಜ್ಯಾರೊಡ್ ಜಬ್ಲಾನ್ಸ್ಕಿ ಮತ್ತು ಕೇಸಿ ಮೆಕಿನ್ಲಿ ಫ್ಲೋರಿಡಾದಲ್ಲಿ ಒಂದು ಹೊಂಡದಲ್ಲಿ ಇಳಿದು, ನೆಲದಡಿಯಲ್ಲೇ ಸುಮಾರು 11 ಕಿಲೋಮೀಟರ್ ಸಾಗಿ, ವಕುಲ್ಲಾ ಬುಗ್ಗೆಯಲ್ಲಿ ಎದ್ದರು. ಆಳ ಸುಮಾರು 90 ಮೀಟರ್. ಸಾಗಿದ್ದು ಏಳು ಗಂಟೆ. ಮೇಲೆ ಬರಲು ತೆಗೆದುಕೊಂಡದ್ದು ಹದಿನಾಲ್ಕು ಗಂಟೆ. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಅದರ ಎರಡರಷ್ಟು ಹೊತ್ತು ಕಾದ ಹಾಗೆ.

ಆಳ ಬೇಡ ಅಂತ ಬರೆದ ಶೆಕ್ ಎಕ್ಸ್ಲಿಯನ್ನೂ ಕೊನೆಗೆ ಆಳವೇ ಎಳೆದುಕೊಂಡಿತು. 1994ರ ಏಪ್ರಿಲ್ 6ರಂದು ಮೆಕ್ಸಿಕೊದ ಸಕಾತೋನ್ ಹೊಂಡದಲ್ಲಿ 260 ಮೀಟರಿಗೂ ಜಾಸ್ತಿ ಇಳಿದರು, ಜೀವಂತ ಬರಲಿಲ್ಲ. ಕೆಲವು ದಿನದ ನಂತರ ಹಗ್ಗ ಎಳೆದಾಗ ದೇಹ ಅದಕ್ಕೆ ಸುತ್ತಿಕೊಂಡೇ ಮೇಲೆ ಬಂತು. ಅದೇ ದಿನ ಪಕ್ಕದಲ್ಲೇ ಇಳಿದಿದ್ದ ಜಿಮ್ ಬೌಡನ್ ಬದುಕಿ ಬಂದರು.

ದಕ್ಷಿಣ ಆಫ್ರಿಕಾದ ಬುಷ್‌ಮನ್ಸ್ ಹೋಲ್‌ನದು ಇನ್ನೂ ಭಾರವಾದ ಕಥೆ. 1994ರಲ್ಲಿ ಅಲ್ಲಿ ಡಿಯಾನ್ ಡ್ರೇಯರ್ ಅನ್ನುವ ಇಪ್ಪತ್ತರ ಹುಡುಗ ಸತ್ತ, ದೇಹ ಸಿಗಲಿಲ್ಲ. ಹತ್ತು ವರ್ಷದ ನಂತರ, 270 ಮೀಟರ್ ಕೆಳಗೆ ಆಸ್ಟ್ರೇಲಿಯಾದ ಡೇವಿಡ್ ಶಾ ಅದನ್ನು ಕಂಡರು. ತಂದು ಕೊಡುತ್ತೇನೆ ಅಂತ ಅವನ ಅಪ್ಪ ಅಮ್ಮನಿಗೆ ಮಾತು ಕೊಟ್ಟರು. 2005ರ ಜನವರಿ 8ರಂದು ಹೋದವರು ದೇಹದ ಹತ್ತಿರ ದಾರದಲ್ಲಿ ಸಿಕ್ಕಿ, ಏದುಸಿರು ಬಂದು, ಅಲ್ಲೇ ಉಳಿದರು. ನಾಲ್ಕು ದಿನದ ನಂತರ ತಂಡದವರು ಸಾಮಾನು ಎತ್ತುವಾಗ ಎರಡೂ ದೇಹ ಒಟ್ಟಿಗೆ ಮೇಲೆ ಬಂದವು. ಮಾತು ಉಳಿಯಿತು ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಥಾಯ್ಲೆಂಡ್ ಮಕ್ಕಳನ್ನು ಹೊರಗೆ ತಂದಿದ್ದು ಹೇಗೆ? ಈಜು ಕಲಿಸಿದರಂತೆ ಹೌದಾ?

ಇಲ್ಲ. ಮಲಗಿಸಿ ತಂದರು. ಎಲ್ಲರೂ ಕೇಳುವ ಪ್ರಶ್ನೆ ಇದು, ಪೂರ್ತಿ ಹೇಳುತ್ತೇನೆ.

2018ರ ಜೂನ್ 23. ಚಿಯಾಂಗ್ ರಾಯ್ ಪ್ರಾಂತ್ಯದ ಥಾಮ್ ಲುವಾಂಗ್ ಗುಹೆಗೆ 11ರಿಂದ 16 ವರ್ಷದ ಹನ್ನೆರಡು ಫುಟ್‌ಬಾಲ್ ಹುಡುಗರು, 25 ವರ್ಷದ ಅವರ ಕೋಚ್ ಹೋದರು. ಮಳೆ ಹಿಡಿಯಿತು, ಹಿಂದಿನ ದಾರಿ ಮುಳುಗಿತು. ಒಂಬತ್ತು ದಿನದ ನಂತರ, ಜುಲೈ 2ರಂದು, ಇಬ್ಬರು ಬ್ರಿಟಿಷ್ ಡೈವರ್‌ಗಳು ದಾರ ಕಟ್ಟುತ್ತಾ ಕಟ್ಟುತ್ತಾ ಅವರ ಹತ್ತಿರ ಬಂದರು. ನಿವೃತ್ತ ಅಗ್ನಿಶಾಮಕ ರಿಕ್ ಸ್ಟಾಂಟನ್, ಕಂಪ್ಯೂಟರ್ ಕೆಲಸದ ಜಾನ್ ವೊಲಾಂಥನ್. ನೀರಿನಿಂದ ತಲೆ ಎತ್ತಿದಾಗೆಲ್ಲ ಗಾಳಿ ಮೂಸಿ ನೋಡುವುದು ಅವರ ಪದ್ಧತಿ. ಕಣ್ಣಿಗೆ ಕಾಣುವ ಮೊದಲು ಮಕ್ಕಳು ಸಿಕ್ಕಿದ್ದು ವಾಸನೆಗೆ. ಎಷ್ಟು ಜನ ಇದ್ದೀರಿ ಅಂದಾಗ ಕತ್ತಲಿಂದ ಬಂದ ಉತ್ತರ, ಹದಿಮೂರು.

ಜಗತ್ತು ಕುಣಿಯಿತು. ಸ್ಟಾಂಟನ್ ಮಾತ್ರ ಚಿಂತೆಯಲ್ಲಿದ್ದರು. ಸಿಕ್ಕಿದ್ದು ಸರಿ, ತರುವುದು ಹೇಗೆ? ಥಾಯ್ ನೌಕಾಪಡೆಯ ಮಾಜಿ ಯೋಧ ಸಮನ್ ಕುನಾನ್ ಜುಲೈ 6ರಂದು ಸಿಲಿಂಡರ್ ಇಟ್ಟು ಬರುವಾಗಲೇ ತೀರಿಕೊಂಡರು. ಮಕ್ಕಳಿದ್ದ ಕಡೆ ಆಮ್ಲಜನಕ ಶೇ. 15ಕ್ಕೆ ಇಳಿದಿತ್ತು. ಮುಂದೆ ಇನ್ನೂ ಮಳೆ ಇತ್ತು. ಕಣ್ಣು ಕಾಣದ ಕೆಸರು ನೀರಿನಲ್ಲಿ ಎಚ್ಚರವಿರುವ ಮಗು ಹೆದರಿ ಒದ್ದಾಡಿದರೆ ತಾನೂ ಸಾಯುತ್ತದೆ, ಕರೆತರುವವನನ್ನೂ ಸಾಯಿಸುತ್ತದೆ.

ಆಸ್ಟ್ರೇಲಿಯಾದಲ್ಲಿ ರಿಚರ್ಡ್ ಹ್ಯಾರಿಸ್ ಅನ್ನುವ ವೈದ್ಯರಿದ್ದರು. ಅರಿವಳಿಕೆ ಕೊಡುವುದು ಕೆಲಸ, ಕೇವ್ ಡೈವಿಂಗ್ ಹವ್ಯಾಸ. ಇವೆರಡೂ ಒಬ್ಬನಲ್ಲೇ ಇರುವುದು ಎಷ್ಟು ಅಪರೂಪ ನೋಡಿ. ಸ್ಟಾಂಟನ್ ಕೇಳಿದಾಗ ಅವರ ಮೊದಲ ಉತ್ತರ, ಆಗಲ್ಲ. ಆಮೇಲೆ ಬೇರೆ ದಾರಿ ಇಲ್ಲ ಅಂತ ಒಪ್ಪಿದರು. ಜೊತೆಗೆ ನಿವೃತ್ತ ಪಶುವೈದ್ಯ ಕ್ರೇಗ್ ಚಾಲೆನ್ ಬಂದರು. ಮೊದಲು ನುಂಗಲು ಒಂದು ಮಾತ್ರೆ, ಮನಸ್ಸು ಶಾಂತವಾಗಲು. ಆಮೇಲೆ ಕಾಲಿಗೆ ಪ್ರಜ್ಞೆ ತಪ್ಪಿಸುವ ಕೆಟಮಿನ್ ಇಂಜೆಕ್ಷನ್, ಬಾಯಲ್ಲಿ ಜೊಲ್ಲು ಬಾರದಿರಲು ಇನ್ನೊಂದು. ಮುಖಪೂರ್ತಿ ಮುಚ್ಚುವ ಮಾಸ್ಕ್. ಎಚ್ಚರವಾದರೆ ಮಾಸ್ಕ್ ಕಿತ್ತುಕೊಳ್ಳಬಾರದು ಅಂತ ಕೈಗಳನ್ನು ಬೆನ್ನ ಹಿಂದೆ ಕಟ್ಟಿದರು. ಒಬ್ಬೊಬ್ಬ ಡೈವರ್ ಒಂದೊಂದು ಮಗುವನ್ನು ಬುಟ್ಟಿಯಂತೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ದಾರ ಸವರಿಕೊಂಡು ಬಂದ. ದಾರಿಯಲ್ಲಿ ಔಷಧದ ಪ್ರಭಾವ ಇಳಿದರೆ ಡೈವರ್ ತಾನೇ ಮತ್ತೊಂದು ಇಂಜೆಕ್ಷನ್ ಚುಚ್ಚಬೇಕು. ಅವರು ಡಾಕ್ಟರ್‌ಗಳಲ್ಲ. ಅಲ್ಲೇ ಹೇಳಿಕೊಟ್ಟದ್ದು.

ಜುಲೈ 8ಕ್ಕೆ ನಾಲ್ವರು, 9ಕ್ಕೆ ನಾಲ್ವರು, 10ಕ್ಕೆ ಉಳಿದ ನಾಲ್ವರು ಹುಡುಗರು ಮತ್ತು ಕೋಚ್. ಹದಿಮೂರೂ ಜನ ಬದುಕಿದರು. ಎಲ್ಲರೂ ಬದುಕುತ್ತಾರೆ ಅಂತ ಹ್ಯಾರಿಸ್ ಅವರೇ ಅಂದುಕೊಂಡಿರಲಿಲ್ಲ. ಸೋಂಕು ತಗುಲಿದ್ದ ಇನ್ನೊಬ್ಬ ಥಾಯ್ ನೌಕಾಪಡೆಯ ಡೈವರ್ 2019ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಈ ಕಥೆ ಹೇಳುವಾಗ ಆ ಎರಡನೇ ಸಾವನ್ನು ಜನ ಮರೆತುಬಿಡುತ್ತಾರೆ.

ಅಲ್ಲಿ ನಮ್ಮವರೂ ಇದ್ದರಂತೆ?

ಡೈವರ್‌ಗಳಲ್ಲ, ಪಂಪಿನವರು. ಗುಹೆಯಿಂದ ನೀರು ಹೊರಹಾಕುವ ಕೆಲಸಕ್ಕೆ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯ ತಂತ್ರಜ್ಞರು ಸಲಹೆ ಕೊಡಲು ಹೋಗಿದ್ದರು. ಕಂಪನಿ ಈಗ ಪುಣೆಯದು. ಆದರೆ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯಲ್ಲಿ, 1888ರಲ್ಲಿ ವ್ಯಾಪಾರ ಶುರುಮಾಡಿದ್ದು ಬೆಳಗಾವಿಯ ಸೈಕಲ್ ಅಂಗಡಿಯಿಂದ. ಸಂಬಂಧ ಅಷ್ಟಿದೆ.

ದಾರ ತಪ್ಪಿದವರು ಯಾರೂ ಬದುಕಿಯೇ ಇಲ್ವಾ?

ಬದುಕಿದ್ದಾರೆ. 2017ರ ಏಪ್ರಿಲ್‌ನಲ್ಲಿ ಸ್ಪೇನ್‌ನ ಮಯೋರ್ಕಾ ದ್ವೀಪದ ಸಾ ಪಿಕೆತಾ ಗುಹೆಯಲ್ಲಿ ಶಿಸ್ಕೊ ಗ್ರಾಸಿಯಾ ಅನ್ನುವ ಭೂವಿಜ್ಞಾನದ ಮೇಷ್ಟ್ರಿಗೆ, ಅವರ ಗೆಳೆಯನಿಗೆ ದಾರ ಕೈತಪ್ಪಿತು. ಇಬ್ಬರಿಗೆ ಆಗುವಷ್ಟು ಗಾಳಿ ಉಳಿದಿರಲಿಲ್ಲ. ಗ್ರಾಸಿಯಾ ಗಾಳಿ ಇದ್ದ ಒಂದು ಕೋಣೆಯಲ್ಲಿ ಉಳಿದರು, ಗೆಳೆಯ ಸಹಾಯ ತರಲು ಹೊರಟ. 60 ಗಂಟೆ ಕತ್ತಲು. ಮೇಲ್ಪದರದ ನೀರು ಸಿಹಿಯಾಗಿದ್ದರಿಂದ ಕುಡಿಯಲು ಆಯಿತು. ಆದರೆ ತಾವೇ ಬಿಟ್ಟ ಉಸಿರಿನಿಂದ ಗಾಳಿ ಕೆಡುತ್ತಾ ಬಂದು ಇಲ್ಲದ ಬೆಳಕು, ಇಲ್ಲದ ಸದ್ದು ಎಲ್ಲ ಶುರುವಾದವು. ಕೊನೆಗೆ ನಿಜವಾದ ಬೆಳಕು ಬಂದಾಗಲೂ ಅದೂ ಭ್ರಮೆ ಅಂದುಕೊಂಡರಂತೆ.

ಇಷ್ಟೆಲ್ಲ ಕಷ್ಟಪಟ್ಟು ಹೋಗಿ ಏನು ಉಪಯೋಗ?

ತೆವಲು ಅಂತ ಕೆಲವರೇ ಒಪ್ಪುತ್ತಾರೆ. ಆದರೆ ಸಿಕ್ಕಿದ್ದು ಕಡಿಮೆಯೇನಲ್ಲ. 2007ರಲ್ಲಿ ಯುಕಟಾನ್‌ನ ಓಯೊ ನೆಗ್ರೊ ಅನ್ನುವ ಮುಳುಗಿದ ಹೊಂಡದ ತಳದಲ್ಲಿ ಡೈವರ್‌ಗಳಿಗೆ ಒಂದು ತಲೆಬುರುಡೆ ಸಿಕ್ಕಿತು. ಹದಿನೈದು ಹದಿನಾರರ ಹುಡುಗಿ, ಹನ್ನೆರಡು ಸಾವಿರ ವರ್ಷಕ್ಕೂ ಹಿಂದಿನವಳು. ನೈಯಾ ಅಂತ ಹೆಸರಿಟ್ಟರು. ಗುಹೆ ಒಣಗಿದ್ದ ಕಾಲದಲ್ಲಿ ಕತ್ತಲಲ್ಲಿ ನಡೆಯುತ್ತಾ ಹೊಂಡಕ್ಕೆ ಬಿದ್ದಿರಬೇಕು, ಸೊಂಟದ ಮೂಳೆ ಮುರಿದಿತ್ತು. ನೀರು ಹುಡುಕಿಕೊಂಡು ಹೋಗಿದ್ದಳೋ ಏನೋ. ಸುತ್ತ ಆನೆಯ ಬಳಗದ ಪ್ರಾಣಿ, ದೈತ್ಯ ಸ್ಲಾತ್‌ಗಳ ಮೂಳೆ.

ಫ್ರಾನ್ಸ್‌ನ ಮಾರ್ಸೆಯ್ ಹತ್ತಿರ ಆನ್ರಿ ಕೊಸ್ಕೆ ಅನ್ನುವ ಡೈವರ್ ಸಮುದ್ರದೊಳಗೆ 37 ಮೀಟರ್ ಆಳದ ಒಂದು ಬಿಲದಲ್ಲಿ ತೂರಿ, 175 ಮೀಟರ್ ಸಾಗಿ, ಗಾಳಿ ಇರುವ ಗುಹೆಯಲ್ಲಿ ಎದ್ದ. ಗೋಡೆ ತುಂಬ ಆದಿಮಾನವರ ಚಿತ್ರ. ಸುಮಾರು 27,000 ವರ್ಷ ಹಳೆಯ ಕೈಗುರುತುಗಳೂ ಇವೆ. ಅವನು ಇದನ್ನು ಗುಟ್ಟಾಗಿಟ್ಟಿದ್ದ. 1991ರಲ್ಲಿ ಮೂವರು ಡೈವರ್‌ಗಳು ಅದೇ ಬಿಲದಲ್ಲಿ ದಾರಿ ತಪ್ಪಿ ಸತ್ತ ಮೇಲೆ ಸರ್ಕಾರಕ್ಕೆ ತಿಳಿಸಿದ.

ಇನ್ನು ಕುಡಿಯುವ ನೀರು. ಫ್ಲೋರಿಡಾ, ಯುಕಟಾನ್‌ನಲ್ಲಿ ಜನ ಕುಡಿಯುವುದು ಈ ಗುಹೆಗಳ ನೀರನ್ನೇ. ಮೇಲೆ ಸುರಿದ ಕೊಳಕು ಕೆಳಗೆ ಎಲ್ಲಿಗೆ ಹೋಗುತ್ತದೆ ಅಂತ ನಕ್ಷೆ ಬರೆದವರು ಡೈವರ್‌ಗಳು. ಅವರು ಕಟ್ಟಿದ ದಾರವೇ ಅಳತೆಪಟ್ಟಿ.

ಅತಿ ಉದ್ದದ್ದು, ಅತಿ ಆಳದ್ದು ಯಾವುದು?

ಉದ್ದದಲ್ಲಿ ಯುಕಟಾನ್‌ನ ಸಾಕ್ ಆಕ್ತುನ್ ಮತ್ತು ಓಶ್ ಬೆಲ್ ಹಾ ನಡುವೆ ಪೈಪೋಟಿ. 2018ರಲ್ಲಿ ಡೋಸ್ ಓಹೋಸ್ ಅನ್ನುವ ಪಕ್ಕದ ಗುಹೆಯ ಜೊತೆ ಸೇರಿದಾಗ ಸಾಕ್ ಆಕ್ತುನ್ 347 ಕಿಲೋಮೀಟರ್ ಆಯಿತು. ಆಮೇಲೂ ಎರಡೂ ಬೆಳೆಯುತ್ತಲೇ ಇವೆ. ಆಳದಲ್ಲಿ ಝೆಕ್ ದೇಶದ ಹ್ರಾನಿಟ್ಸೆ. 2016ರಲ್ಲಿ ರೋಬೋಟ್ 404 ಮೀಟರ್ ಇಳಿಯಿತು, ತಳ ಸಿಗಲಿಲ್ಲ.

ಕರ್ನಾಟಕದಲ್ಲಿ ಮಾಡಬಹುದಾ?

ನಮ್ಮ ರಾಜ್ಯದ ಹೆಚ್ಚಿನ ನೆಲ ಗ್ರಾನೈಟ್, ನೈಸ್ ಅನ್ನುವ ಗಟ್ಟಿ ಕಲ್ಲು. ಉತ್ತರಕ್ಕೆ ಹೋದರೆ ಕಪ್ಪು ಬಸಾಲ್ಟ್. ಇವು ನೀರಿಗೆ ಕರಗುವ ಕಲ್ಲಲ್ಲ. ಸುಣ್ಣಕಲ್ಲು ಇಲ್ಲವೇ ಇಲ್ಲ ಅಂತಲ್ಲ, ಶಹಾಬಾದ್ ಕಲ್ಲು ಅದೇ, ಯಾಣದ ಬಂಡೆಯೂ ಅದೇ, ದಾಂಡೇಲಿ ಹತ್ತಿರ ಕವಳಾ ಗುಹೆಯೂ ಇದೆ. ಆದರೆ ಯುಕಟಾನ್‌ನಂಥದ್ದನ್ನು ಇಲ್ಲಿ ಹುಡುಕಬೇಡಿ. ಭಾರತದಲ್ಲಿ ದೊಡ್ಡ ಸುಣ್ಣಕಲ್ಲಿನ ಗುಹೆಗಳೆಂದರೆ ಮೇಘಾಲಯದ್ದು. ಪ್ರಪಂಚದ ಅತಿ ದೊಡ್ಡ ಗುಹಾಮೀನು ಅಂತ 2019ರಲ್ಲಿ ವರದಿಯಾದದ್ದು ಅಲ್ಲಿನದೇ, 40 ಸೆಂಟಿಮೀಟರ್ ಉದ್ದದ ಕುರುಡು ಮೀನು.

ಇನ್ನೊಂದು ಮಾತು. ಸಿಲಿಂಡರ್ ಇದೆ ಅಂತ ಹಳೆಯ ಬಾವಿ, ನೀರು ನಿಂತ ಕಲ್ಲುಕ್ವಾರಿ, ಕರಾವಳಿಯ ಸುರಂಗಗಳಿಗೆ ನುಗ್ಗುವ ಹುಡುಗರಿದ್ದಾರೆ. ಬೇಡ ಮಾರಾಯ್ರೇ.

ಕಲಿಯಬೇಕು ಅಂದ್ರೆ ಎಲ್ಲಿಂದ ಶುರು?

ಮೊದಲು ಸಾಮಾನ್ಯ ಸ್ಕೂಬಾ, ಆಮೇಲೆ ಸಾಕಷ್ಟು ಸಮುದ್ರದ ಅನುಭವ. ನಂತರ ಕ್ಯಾವರ್ನ್, ಅದಾದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೇವ್. ಫ್ಲೋರಿಡಾ, ಮೆಕ್ಸಿಕೊ, ಫ್ರಾನ್ಸ್ ಕಡೆ ಹೋಗಬೇಕು. ದುಡ್ಡು ಜಾಸ್ತಿ. ಕಲಿಸುವ ಮೊದಲ ಪಾಠ ನೀರಿನಲ್ಲಿ ತೇಲುತ್ತಾ ಅಲುಗಾಡದೆ ಇರುವುದು, ಕಪ್ಪೆಯ ಹಾಗೆ ಕಾಲು ಒದೆಯುವುದು. ಮೇಲೆ ಕೆಳಗೆ ಒದ್ದರೆ ಹೂಳೇಳುತ್ತದಲ್ಲ, ಅದಕ್ಕೆ.

ನೀವು ಹೋದ ಕಥೆ ಹೇಳಲಿಲ್ಲ?

ಡೋಸ್ ಓಹೋಸ್ ಸೆನೋಟೆ. ಸಾಮಾನ್ಯ ಸ್ಕೂಬಾ ಕಲಿತವರನ್ನೂ ಗೈಡ್ ಜೊತೆ ಬೆಳಕು ಕಾಣುವ ಭಾಗಕ್ಕೆ ಕರೆದೊಯ್ಯುತ್ತಾರೆ. ಗೈಡ್ ಬೆನ್ನಿಗೆ ಜೋಡಿ ಸಿಲಿಂಡರ್, ನನಗೆ ಒಂಟಿ. ನೀರು ಸುಮಾರು 25 ಡಿಗ್ರಿ, ಮೊದಲು ಹಿತ, ಆಮೇಲೆ ಸಣ್ಣಗೆ ನಡುಕ. ನೀರು ಇದೆ ಅನ್ನುವುದೇ ಮರೆಯುವಷ್ಟು ತಿಳಿ. ಕಂಬಗಳ ನಡುವೆ ಹಾರುತ್ತಿದ್ದೇನೆ ಅನಿಸುತ್ತಿತ್ತು. ದಾರಿಯಲ್ಲಿ ಒಂದು ಕಡೆ ಯಾರೋ ಬಾರ್ಬಿ ಗೊಂಬೆಯನ್ನು, ಅದರ ಜೊತೆ ಪ್ಲಾಸ್ಟಿಕ್ ಮೊಸಳೆಯನ್ನು ಇಟ್ಟಿದ್ದಾರೆ. ಆ ದಾರಕ್ಕೆ ಬಾರ್ಬಿ ಲೈನ್ ಅಂತಲೇ ಹೆಸರು. ಅದನ್ನು ನೋಡಬೇಕು ಅಂತಲೇ ನಾನು ಹೋಗಿದ್ದು.

ಹತ್ತು ಹನ್ನೆರಡು ನಿಮಿಷ ಆಗಿರಬೇಕು. ಮಾಸ್ಕ್‌ನೊಳಗೆ ನೀರು ಬರಲು ಶುರುವಾಯಿತು. ಒಂದು ಸಲ ಊದಿ ತೆಗೆದೆ. ಮತ್ತೆ ಬಂತು. ನೇತ್ರಾಣಿಯಲ್ಲಾದರೆ ಇದು ಸಮಸ್ಯೆಯೇ ಅಲ್ಲ. ತಲೆ ಎತ್ತಿ ಚಾವಣಿ ನೋಡಿದೆ, ನೋಡಬಾರದಿತ್ತು. ನಾನು ಬಿಟ್ಟ ಗುಳ್ಳೆಗಳು ಕಲ್ಲಿಗೆ ಅಂಟಿಕೊಂಡು ಪಾದರಸದ ಹಾಗೆ ಹರಿದಾಡುತ್ತಿದ್ದವು. ಉಸಿರು ಜೋರಾಯಿತು. ಹೆಬ್ಬೆರಳು ಎತ್ತಿದೆ.

ಗೈಡ್ ಹೆಬ್ಬೆರಳು ಎತ್ತಿ ಉತ್ತರ ಕೊಟ್ಟು, ತಕ್ಷಣ ತಿರುಗಿದ. ಜೊತೆಗಿದ್ದ ಜರ್ಮನ್ ದಂಪತಿಯೂ ತಿರುಗಿದರು, ಅವರೂ ನನ್ನಷ್ಟೇ ದುಡ್ಡು ಕೊಟ್ಟವರು. ಮೇಲೆ ಬಂದು ಮಾಸ್ಕ್ ತೆಗೆದು ನೋಡಿದರೆ, ಬೆಳಗ್ಗೆ ಬೋಳಿಸದೆ ಬಿಟ್ಟ ಮೀಸೆಯಿಂದ ನೀರು ಒಳಗೆ ಬರುತ್ತಿತ್ತು. ಗೈಡ್ ಪೆಟ್ಟಿಗೆಯಿಂದ ವ್ಯಾಸಲೀನ್ ಡಬ್ಬಿ ತೆಗೆದು ನನ್ನ ಕೈಗಿಟ್ಟ, ಮೀಸೆಗೆ ಹಚ್ಚಿಕೊಳ್ಳಲು. ಯಾಕೆ ವಾಪಸ್ ಬಂದೆ ಅಂತ ಅವನೂ ಕೇಳಲಿಲ್ಲ, ಆ ದಂಪತಿಯೂ ಕೇಳಲಿಲ್ಲ. ಬಾರ್ಬಿಯನ್ನು ನಾನಿನ್ನೂ ನೋಡಿಲ್ಲ.